ಎಂಎಸ್‌ಕೆ ಮಿಲ್‌ನಲ್ಲಿ ದುಡಿದ ಹಿರಿಯರು ಯಾರಾದರೂ ಇದ್ದಾರಾ? ಸಹಾಯ ಬೇಕು

ಎಲ್ಲರಿಗೂ ಶರಣು. ನಮ್ಮ ಮುತ್ಯಾ ಕಲಬುರಗಿಯ ಎಂಎಸ್‌ಕೆ (ಮೆಹಬೂಬ್ ಶಾಹಿ ಕಲಬುರಗಿ) ಬಟ್ಟೆ ಮಿಲ್‌ನಲ್ಲಿ ಮಗ್ಗ ನಡೆಸುತ್ತಿದ್ದರು. ಹೈದರಾಬಾದಿನ ಆರನೇ ನಿಜಾಮ ಮೆಹಬೂಬ್ ಅಲಿ ಖಾನರ (ಆಳ್ವಿಕೆ 1869–1911) ಕಾಲದ ಮಿಲ್ ಅದು. ಹೆಸರಲ್ಲೇ ಇದೆಯಲ್ಲ, ಮೆಹಬೂಬ್ ಶಾಹಿ ಅಂತ.

ಮುತ್ಯಾ ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೂ ಹತ್ತಿಯ ಎಳೆ ಇರುತ್ತಿತ್ತಂತೆ. ಮಗ್ಗದ ಸದ್ದಿಗೆ ಕಿವಿ ಮಂದವಾಗಿ, ಮನೆಯಲ್ಲೂ ಜೋರಾಗಿಯೇ ಮಾತಾಡುತ್ತಿದ್ದರು. ಮಿಲ್‌ನ ಭೋಂಗಾ (ಸೈರನ್) ಕೂಗಿದರೆ ಓಣಿಯಲ್ಲೆಲ್ಲ ಒಲೆ ಹೊತ್ತುತ್ತಿತ್ತು ಅಂತ ಅವ್ವ ಈಗಲೂ ಹೇಳುತ್ತಾಳೆ. ಮುತ್ಯಾ ಇದ್ದಾಗಲೇ ಕೇಳಿ ಬರೆದಿಡಬೇಕಿತ್ತು. ತಡಮಾಡಿಬಿಟ್ಟೆ.

ನಿಮ್ಮ ಮನೆಯಲ್ಲಿ ಅಲ್ಲಿ ದುಡಿದವರಿದ್ದರೆ ದಯವಿಟ್ಟು ತಿಳಿಸಿ. ರಾತ್ರಿ ಪಾಳಿ, ಪಗಾರದ ದಿನ, ಓಣಿಯ ಮೊಹರಂ, ಯಾವ ನೆನಪಾದರೂ ಸರಿ. ಹಳೆಯ ಗೇಟ್ ಪಾಸ್, ಫೋಟೊ ಇದ್ದರೆ ನಾನೇ ಮನೆಗೆ ಬಂದು ನೋಡುತ್ತೇನೆ. ದುಡಿದ ಹೆಣ್ಣುಮಕ್ಕಳು ಮಾತಿಗೆ ಸಿಕ್ಕರಂತೂ ಬಹಳ ಉಪಕಾರವಾಗುತ್ತದೆ.