‘ಮೀಟಿಂಗ್ ಪ್ಯಾಕ್’ಗೆ ತಿಂಗಳಿಗೆ 150 ರೂಪಾಯಿ ಜಾಸ್ತಿ ಕೇಳ್ತಿದ್ದಾರೆ, ಕೊಡಬೇಕಾ?

ಪ್ರಶ್ನೆ (ಟ್ಯೂಷನ್ ಟೀಚರ್, ತಿಪಟೂರು):
ಸರ್, ಮನೆಗೆ 50 ಎಂಬಿಪಿಎಸ್ ಫೈಬರ್ ಕನೆಕ್ಷನ್ ಇದೆ. ಸಂಜೆ 7ಕ್ಕೆ ಹತ್ತನೇ ಕ್ಲಾಸ್ ಮಕ್ಕಳಿಗೆ ಝೂಮ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ಲೆಕ್ಕ ಬಿಡಿಸುತ್ತಿರುವಾಗಲೇ ವಿಡಿಯೋ ನಿಂತುಬಿಡುತ್ತದೆ. "ಮಿಸ್, ಎರಡನೇ ಸ್ಟೆಪ್ ಕಾಣಿಸ್ಲಿಲ್ಲ" ಅಂತ ಮಕ್ಕಳು ಚಾಟ್‌ನಲ್ಲಿ ಹಾಕುತ್ತಾರೆ. ಕನೆಕ್ಷನ್ ಕೊಟ್ಟವರನ್ನು ಕೇಳಿದೆ. "ನಿಮ್ದು ಮಾಮೂಲಿ ಪ್ಲಾನ್ ಮೇಡಂ, ವಿಡಿಯೋ ಕಾಲ್ ಚೆನ್ನಾಗಿ ಬರ್ಬೇಕು ಅಂದ್ರೆ 150 ಜಾಸ್ತಿ ಕೊಟ್ಟು ಮೀಟಿಂಗ್ ಪ್ಯಾಕ್ ಹಾಕಿಸ್ಕೊಳ್ಳಿ" ಅಂದರು. ಹಾಗೆ ಕೇಳಬಹುದಾ?

ಉತ್ತರ (ನೆಟ್‌ವರ್ಕ್ ಇಂಜಿನಿಯರ್):
ಕೊಡಬೇಡಿ ಮೇಡಂ. ಹಾಗೆ ಕೇಳುವ ಹಾಗೇ ಇಲ್ಲ.

ಸ್ಪೀಡ್ ಜಾಸ್ತಿ ಬೇಕಾದರೆ ಜಾಸ್ತಿ ದುಡ್ಡು, ಡೇಟಾ ಜಾಸ್ತಿ ಬೇಕಾದರೆ ಜಾಸ್ತಿ ದುಡ್ಡು. ಇದು ಸರಿ. ಆದರೆ ಆ ಡೇಟಾದಲ್ಲಿ ನೀವು ಝೂಮ್ ನೋಡುತ್ತೀರಾ, ಯೂಟ್ಯೂಬ್ ನೋಡುತ್ತೀರಾ ಅಂತ ನೋಡಿ ರೇಟು ಬದಲಾಯಿಸುವುದನ್ನು ಟ್ರಾಯ್ (ಫೋನ್, ಇಂಟರ್ನೆಟ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ) 2016ರ ಫೆಬ್ರವರಿ 8ರಂದೇ ನಿಷೇಧಿಸಿದೆ. ತಪ್ಪಿದರೆ ದಿನಕ್ಕೆ 50,000 ರೂಪಾಯಿ ದಂಡ, ಒಟ್ಟು 50 ಲಕ್ಷದವರೆಗೆ. ಕೆಲವೇ ಸೈಟುಗಳನ್ನು ಡೇಟಾ ಕಟ್ ಆಗದೆ ತೋರಿಸುತ್ತಿದ್ದ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ನಮ್ಮ ದೇಶದಲ್ಲಿ ನಿಂತಿದ್ದೂ ಇದೇ ನಿಯಮದಿಂದ. 2018ರಲ್ಲಿ ದೂರಸಂಪರ್ಕ ಇಲಾಖೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾವ ಸೈಟನ್ನೂ ತಡೆಯಬಾರದು, ಬೇಕಂತಲೇ ನಿಧಾನ ಮಾಡಬಾರದು, ಒಂದಕ್ಕೆ ಮಾತ್ರ ದಾರಿ ಬಿಟ್ಟುಕೊಡಬಾರದು ಅಂತ ಇಂಟರ್ನೆಟ್ ಕಂಪನಿಗಳ ಲೈಸೆನ್ಸ್‌ನಲ್ಲೇ ಸೇರಿಸಿತು. ನಿಮ್ಮ ಊರಿನ ಕೇಬಲ್‌ನವರು ಸಾಮಾನ್ಯವಾಗಿ ಯಾವುದೋ ದೊಡ್ಡ ಕಂಪನಿಯ ಲೈಸೆನ್ಸ್ ಕೆಳಗೆ ಕೆಲಸ ಮಾಡುತ್ತಿರುತ್ತಾರೆ. ಬಿಲ್ ಮೇಲೆ ಆ ಹೆಸರು ಇರುತ್ತದೆ, ನೋಡಿ.

ನಿಜವಾದ ಕಾರಣ ಬೇರೆ ಇರಬಹುದು. ಝೂಮ್‌ಗೆ ಒಳ್ಳೆ ಕ್ವಾಲಿಟಿಯಲ್ಲೂ 4 ಎಂಬಿಪಿಎಸ್ ಸಾಕು. ನಿಮ್ಮ ಹತ್ತಿರ 50 ಇದೆ. ಹಾಗಾದರೆ ಎಲ್ಲಿ ಹೋಗುತ್ತಿದೆ? ನಾನು ಕೆಲಸ ಮಾಡಿದ ಜಾಗಗಳಲ್ಲಿ ಸಂಜೆ ಹೊತ್ತಿನ ಗ್ರಾಫ್ ಎಷ್ಟೋ ಸಲ ನೋಡಿದ್ದೇನೆ. ಏಳು ಗಂಟೆಯಿಂದ ಗೆರೆ ಏರುತ್ತಾ ಹೋಗುತ್ತದೆ. ಲೈನ್ ತುಂಬಿದ ಮೇಲೆ ಏರುವುದಕ್ಕೆ ಜಾಗ ಇರುವುದಿಲ್ಲ, ಗೆರೆಯ ತಲೆ ದೋಸೆ ಕಾವಲಿ ಥರ ಸಪಾಟಾಗುತ್ತದೆ. ಹತ್ತೂವರೆವರೆಗೂ ಹಾಗೇ. ಕೊಂಡ ಲೈನ್ ತಾಳುವುದಕ್ಕಿಂತ ಜಾಸ್ತಿ ಮನೆಗಳಿಗೆ ಕನೆಕ್ಷನ್ ಹಂಚಿರುತ್ತಾರೆ, ಅಷ್ಟೇ.

ಒಂದು ಕೆಲಸ ಮಾಡಿ. ವೈಫೈ ಬಿಟ್ಟು ಲ್ಯಾಪ್‌ಟಾಪ್‌ಗೆ ನೇರ ಲ್ಯಾನ್ ಕೇಬಲ್ ಹಾಕಿ. ಬೆಳಗ್ಗೆ 6ಕ್ಕೆ ಒಂದು ಸಲ, ಸಂಜೆ 7.30ಕ್ಕೆ ಒಂದು ಸಲ ಸ್ಪೀಡ್ ಟೆಸ್ಟ್ ಮಾಡಿ. ಅಪ್‌ಲೋಡ್ (ನಿಮ್ಮ ಕಡೆಯಿಂದ ಹೊರಗೆ ಹೋಗುವ ಸ್ಪೀಡ್) ಎಷ್ಟು ಅಂತಲೂ ಬರೆದಿಡಿ. ಪಾಠ ಮಾಡುವವರಿಗೆ ಅದೇ ಮುಖ್ಯ.

ಇನ್ನೊಬ್ಬರು (ಮೊಬೈಲ್ ಅಂಗಡಿ, ಹಾವೇರಿ):
ಅಣ್ಣಾ, ರೀಚಾರ್ಜ್ ಜೊತೆ ಓಟಿಟಿ ಫ್ರೀ ಅಂತ ನಾವೇ ಮಾರ್ತೀವಿ. ಅದೂ ತಪ್ಪಾ?

ಉತ್ತರ:
ಇಲ್ಲ ತಮ್ಮಾ. ಅಲ್ಲಿ ಕೊಡುತ್ತಿರುವುದು ಓಟಿಟಿಯ ಚಂದಾ. ಸಿನಿಮಾ ನೋಡಿದರೆ ಗಿರಾಕಿಯ 1.5 ಜಿಬಿಯಲ್ಲೇ ಕಡಿತ ಆಗುತ್ತದೆ ಅಲ್ವಾ? "ಈ ಆಪ್ ನೋಡಿದ್ರೆ ಮಾತ್ರ ಡೇಟಾ ಕಟ್ ಆಗಲ್ಲ" ಅಂದರೆ ಆಗ ತಪ್ಪು. ಯಾಕೆಂದರೆ ನಾಳೆ ನಿಮ್ಮ ಊರಿನ ಹುಡುಗನೊಬ್ಬ ಕನ್ನಡದಲ್ಲಿ ಪಾಠದ ಆಪ್ ಮಾಡಿದ ಅಂತಿಟ್ಟುಕೊಳ್ಳಿ. ದೊಡ್ಡ ಆಪ್‌ಗೆ ಡೇಟಾ ಕಟ್ ಆಗಲ್ಲ, ಅವನ ಆಪ್‌ಗೆ ಆಗುತ್ತದೆ ಅಂದರೆ ಅವನದನ್ನು ಯಾರು ಮುಟ್ಟುತ್ತಾರೆ? ನನಗೆ ಈ ವಿಷಯದಲ್ಲಿ ಇಷ್ಟು ಹಠ ಇರುವುದು ಆ ಹುಡುಗನಿಗಾಗಿ.

ಇನ್ನೊಂದು ಮಾತು. ಕೀಪ್ಯಾಡ್ ಫೋನ್ ಇಟ್ಟುಕೊಂಡ ಹಿರಿಯರು ಬಂದರೆ ಸುಮ್ನೆ ಡೇಟಾ ಪ್ಲಾನ್ ಹಾಕಬೇಡಿ. ಕಾಲ್, ಎಸ್ಸೆಮ್ಮೆಸ್ ಮಾತ್ರ ಇರುವ ಪ್ಲಾನ್ ಇಡಲೇಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಹೇಳಿದೆ.

ಟೀಚರ್ (ಎರಡು ದಿನದ ನಂತರ):
ಸರ್, ಬೆಳಗ್ಗೆ 48 ಬಂತು. ಸಂಜೆ 3. ಅಪ್‌ಲೋಡ್ 1 ಕೂಡ ಇಲ್ಲ.

ಉತ್ತರ:
ಲೈನ್ ತುಂಬಿದೆ ಮೇಡಂ. ಮೀಟಿಂಗ್ ಪ್ಯಾಕ್ ಹಾಕಿಸಿದರೂ ಓಡುವುದು ಇದೇ ಲೈನ್‌ನಲ್ಲಿ. ನಿಮ್ಮ ಝೂಮನ್ನು ಮುಂದೆ ಬಿಡಬೇಕಾದರೆ ಪಕ್ಕದ ಮನೆಯ ಮಗುವಿನ ಕ್ಲಾಸನ್ನು ಹಿಂದೆ ತಳ್ಳಬೇಕು. ಆಮೇಲೆ ಅವರಿಗೂ ಪ್ಯಾಕ್ ಮಾರುತ್ತಾರೆ.

ಎರಡೂ ಟೆಸ್ಟಿನ ಫೋಟೋ ಹಾಕಿ, ಬಿಲ್ ಮೇಲಿರುವ ಕಂಪನಿಗೆ ದೂರು ಕೊಡಿ. ಪ್ಯಾಕ್‌ನ ವಿಷಯವನ್ನೂ ಬರೆಯಿರಿ. ಡಾಕೆಟ್ ನಂಬರ್ (ದೂರಿಗೆ ಕೊಡುವ ನಂಬರ್) ಬಿಡದೆ ಇಸ್ಕೊಳ್ಳಿ. ಅಲ್ಲಿ ಪರಿಹಾರ ಆಗದಿದ್ದರೆ ಆ ನಂಬರ್ ಇಟ್ಟುಕೊಂಡೇ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಒಬ್ಬೊಬ್ಬರ ದೂರನ್ನು ಟ್ರಾಯ್ ನೇರವಾಗಿ ತೆಗೆದುಕೊಳ್ಳುವುದಿಲ್ಲ.

ಅಲ್ಲಿವರೆಗೆ ಝೂಮ್‌ನಲ್ಲಿ ಎಚ್‌ಡಿ ವಿಡಿಯೋ ಆಫ್ ಮಾಡಿ, ನಿಮ್ಮ ಮುಖದ ಕ್ಯಾಮೆರಾ ಬೇಡ, ವೈಟ್‌ಬೋರ್ಡ್ ಮಾತ್ರ ಶೇರ್ ಮಾಡಿ. ಮಕ್ಕಳಿಗೆ ಎರಡನೇ ಸ್ಟೆಪ್ ಕಾಣಿಸುತ್ತದೆ.