ಸಹಾಯ ಬೇಕು: 'ಯು ಆರ್ ಸೋ ವೇನ್' ಹಾಡಿನ ಎರಡನೇ ದನಿ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಗಾಯಕಿ ಕಾರ್ಲಿ ಸೈಮನ್ ಅವರ 1972ರ ಈ ಹಾಡಿನ ಪಲ್ಲವಿಯಲ್ಲಿ ಕೇಳುವ ಗಂಡು ದನಿ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಗಾಯಕ ಮಿಕ್ ಜಾಗರ್ ಅವರದು. ಆಗ ಹೆಸರು ಹಾಕಿರಲಿಲ್ಲ, ಆದರೆ ಈಗ ಅದರಲ್ಲಿ ಅನುಮಾನವಿಲ್ಲ. ನನ್ನ ಪ್ರಶ್ನೆ ಬೇರೆ. ಪಲ್ಲವಿ ಬಿಟ್ಟು ಬೇರೆ ಸಾಲುಗಳಲ್ಲೂ ಅವರು ಇದ್ದಾರಾ?

ದನಿ ಬೇರ್ಪಡಿಸುವ ಆ್ಯಪ್‌ನಲ್ಲಿ ಹಾಕಿದರೆ ವಾದ್ಯಗಳು ಹೋಗುತ್ತವೆ, ಆದರೆ ಇಬ್ಬರ ದನಿ ಅಂಟಿಕೊಂಡೇ ಬರುತ್ತದೆ. ಎಡ-ಬಲ ಚಾನೆಲ್ ಬೇರೆ ಮಾಡಿ ಕೇಳಲು ಬರುವವರು ಯಾರಾದರೂ ಇದ್ದೀರಾ? ಈ ಹಾಡಿರುವ 'ನೋ ಸೀಕ್ರೆಟ್ಸ್' ಆಲ್ಬಮ್‌ನ ಹಳೇ ಎಲ್‌ಪಿ (ಗ್ರಾಮಫೋನ್ ತಟ್ಟೆ) ಇರುವವರು ಕವರಿನ ಹಿಂಬದಿ ಮತ್ತು ಒಳಭಾಗದ ಫೋಟೊ ಹಾಕಿದರೆ ತುಂಬಾ ಉಪಕಾರ. ಮೊದಲ ಮುದ್ರಣದ್ದಾದರೆ ಇನ್ನೂ ಒಳ್ಳೆಯದು.

ಸುಮ್ನೆ ಅವರ ಹಾಗೇ ಕೇಳುತ್ತೆ ಅಂದರೆ ಸಾಲದು ಅಲ್ವಾ? ಯಾವ ನಿಮಿಷ, ಯಾವ ಸೆಕೆಂಡ್ ಅಂತ ದಯವಿಟ್ಟು ಬರೆಯಿರಿ.