‘ನೋ ಲಿಮಿಟ್’ ಎಂಬುದನ್ನು ‘ಮಿತಿಯಿಲ್ಲದ ಪಣ’ ಎನ್ನಬಹುದೇ?

ಪೋಕರ್ ಆಟದಲ್ಲಿ ಪಣ ಒಡ್ಡುವ ಪದ್ಧತಿಗಳನ್ನು ಹೊಸಬರಿಗೆ ವಿವರಿಸುವ ಬರಹವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವುದನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಆದರೆ ಕಾರವಾರದಿಂದ ಮಾಜಾಳಿ ದಾಟಿದರೆ ಗೋವಾ, ಅಲ್ಲಿ ಮಾಂಡವಿ ನದಿಯ ಮೇಲೆ ಕ್ಯಾಸಿನೊಗಳು ತೇಲುತ್ತಿವೆ, ನಮ್ಮ ಕಡೆಯ ಹುಡುಗರು ಅಲ್ಲಿಗೆ ಹೋಗಿಬರುವುದೂ ಗುಟ್ಟಿನ ಸಂಗತಿಯಲ್ಲ. ಚೌತಿಯ ಜಾಗರಣೆಯಲ್ಲಿ ತೀನ್ ಪತ್ತಿ ಆಡಿ ಬಲ್ಲವರಿಗೆ ಪೋಕರ್ ಮೇಜಿನ ಲೆಕ್ಕಾಚಾರವನ್ನು ತಪ್ಪಿಲ್ಲದೆ ಹೇಳಬೇಕಾದರೆ ಪದಗಳು ನೇರವಾಗಿರಬೇಕು. ಅದಕ್ಕಾಗಿ ಬಲ್ಲವರ ಸಲಹೆ ಕೇಳುತ್ತಿದ್ದೇನೆ.

ಮೊದಲ ತೊಡಕು ‘ನೋ ಲಿಮಿಟ್’. ಇದನ್ನು ‘ಮಿತಿಯಿಲ್ಲದ ಪಣ’ ಎಂದು ಬರೆದರೆ ಓದುವವನು ಎಷ್ಟು ಬೇಕಾದರೂ ಹಣ ಹಾಕಬಹುದು, ಕೈಯಲ್ಲಿ ಇಲ್ಲದಿದ್ದರೆ ಸಾಲ ಹೇಳಿಯೂ ಹಾಕಬಹುದು ಎಂದುಕೊಳ್ಳುತ್ತಾನೆ. ವಾಸ್ತವದಲ್ಲಿ ಅಲ್ಲಿ ಬಹಳ ಗಟ್ಟಿಯಾದ ಮಿತಿಯೊಂದಿದೆ. ಎಲೆ ಹಂಚುವಾಗ ಮೇಜಿನ ಮೇಲೆ ಅವನ ಮುಂದೆ ಎಷ್ಟು ಹಣವಿತ್ತೋ ಅಷ್ಟನ್ನು ಮಾತ್ರ ಆ ಕೈಯಲ್ಲಿ ಒಡ್ಡಬಹುದೇ ಹೊರತು, ನಡುವೆ ಕಿಸೆಗೆ ಕೈಹಾಕುವಂತಿಲ್ಲ, ಉಂಗುರ ಬಿಚ್ಚಿಡುವಂತಿಲ್ಲ. ಯಕ್ಷಗಾನ, ತಾಳಮದ್ದಳೆಗಳ ದ್ಯೂತಪ್ರಸಂಗವನ್ನು ಕೇಳಿ ಬೆಳೆದ ನಮಗೆ ‘ಮಿತಿಯಿಲ್ಲದ ಪಣ’ ಎಂದೊಡನೆ ಕಣ್ಣಮುಂದೆ ಬರುವವನು ಧರ್ಮರಾಯ. ಅವನು ರಾಜ್ಯವನ್ನು, ತಮ್ಮಂದಿರನ್ನು, ತನ್ನನ್ನು, ಕೊನೆಗೆ ದ್ರೌಪದಿಯನ್ನು ಒಂದರ ಮೇಲೊಂದರಂತೆ ಒಡ್ಡಿದ್ದು ಇಲ್ಲಿ ಸಾಧ್ಯವೇ ಇಲ್ಲದ ಆಟ. ಆದ್ದರಿಂದ ನಾನು ‘ಇದ್ದಷ್ಟೂ ಪಣ’ ಎಂದು ಬರೆದಿದ್ದೇನೆ. ಏರಿಕೆಗೆ ಕೆಳಗಿನ ಮಿತಿಯೂ ಒಂದಿದೆ. ಹತ್ತು ರೂಪಾಯಿಯ ಪಣವನ್ನು ಒಬ್ಬ ಮೂವತ್ತಕ್ಕೆ ಏರಿಸಿದರೆ ಅವನು ಏರಿಸಿದ್ದು ಇಪ್ಪತ್ತು. ಮುಂದಿನವನು ಮತ್ತೆ ಏರಿಸುವುದಾದರೆ ಕನಿಷ್ಠ ಐವತ್ತಕ್ಕಾದರೂ ಏರಿಸಬೇಕು.

ಎರಡನೆಯದು ‘ಪಾಟ್ ಲಿಮಿಟ್’. ನಡುವೆ ಕೂಡಿಬಿದ್ದ ಹಣಕ್ಕೆ ‘ರಾಶಿ’ ಎನ್ನಲು ಮನಸ್ಸಾಗುತ್ತದೆ, ಆದರೆ ಪ್ರತಿಯೊಬ್ಬನ ಮುಂದಿರುವುದೂ ಹಣದ ಬದಲು ಇಡುವ ಬಿಲ್ಲೆಗಳ (ಚಿಪ್‌ಗಳ) ರಾಶಿಯೇ ಆದ್ದರಿಂದ ‘ಕೂಡುಪಣ’ ಎಂಬ ಪದ ಕಟ್ಟಿಕೊಂಡೆ. ಹಾಗಾದರೆ ಈ ಪದ್ಧತಿ ‘ಕೂಡಿದಷ್ಟು ಪಣ’ ಆಗುತ್ತದೆ. ಆದರೆ ಲೆಕ್ಕ ಸ್ವಲ್ಪ ಸೂಕ್ಷ್ಮವಾಗಿದೆ. ಕೂಡುಪಣ ನೂರು ಇದ್ದಾಗ ಎದುರಾಳಿ ಐವತ್ತು ಒಡ್ಡಿದ ಎನ್ನೋಣ. ನಾನು ಮೊದಲು ಆ ಐವತ್ತನ್ನು ಸರಿಗಟ್ಟಿದಂತೆ ಎಣಿಸಿದರೆ ಕೂಡುಪಣ ಇನ್ನೂರಾಗುತ್ತದೆ. ಅದರ ಮೇಲೆ ಇನ್ನೂರರವರೆಗೆ ಏರಿಸಬಹುದಾದ್ದರಿಂದ ನಾನು ಒಟ್ಟು ಹಾಕಬಹುದಾದದ್ದು ಇನ್ನೂರೈವತ್ತು. ಹೊಸಬರು ಇಲ್ಲಿ ನೂರೈವತ್ತಕ್ಕೇ ನಿಲ್ಲುತ್ತಾರೆ. ‘ಕೂಡಿದಷ್ಟು’ ಎಂಬ ಮಾತು ಸರಿಗಟ್ಟುವ ಹಣವನ್ನೂ ಒಳಗೊಳ್ಳುತ್ತದೆ ಎಂದು ಕನ್ನಡದ ಓದುಗನಿಗೆ ತಾನಾಗಿ ತೋರುತ್ತದೆಯೇ?

‘ಫಿಕ್ಸೆಡ್ ಲಿಮಿಟ್’ಗೆ ‘ಗೊತ್ತುಪಡಿಸಿದ ಪಣ’ ಎಂದರೆ ಸಾಕು. ಹತ್ತು–ಇಪ್ಪತ್ತರ ಮೇಜಿನಲ್ಲಿ ಮೊದಲೆರಡು ಸುತ್ತುಗಳಲ್ಲಿ ಹತ್ತು ಹತ್ತಾಗಿ, ಕೊನೆಯೆರಡರಲ್ಲಿ ಇಪ್ಪತ್ತು ಇಪ್ಪತ್ತಾಗಿ ಮಾತ್ರ ಒಡ್ಡಬೇಕು, ಏರಿಸಬೇಕು.

ಪದ್ಧತಿ ಬದಲಾದರೆ ಆಡುವ ಜಾಣ್ಮೆಯೂ ಬದಲಾಗಬೇಕು ಎಂಬುದನ್ನು ಬರಹದಲ್ಲಿ ಒಂದೇ ಕೈಯ ಉದಾಹರಣೆಯಿಂದ ತೋರಿಸಿದ್ದೇನೆ. ಕೈಯಲ್ಲಿ ಎರಡು ಆಟೀನು, ಎಲ್ಲರಿಗೂ ಸಲ್ಲುವಂತೆ ಮೇಜಿನ ಮೇಲೆ ತೆರೆದಿಟ್ಟ ನಾಲ್ಕೆಲೆಗಳಲ್ಲಿ ಎರಡು ಆಟೀನು, ಇನ್ನೊಂದೇ ಎಲೆ ಬರಲಿದೆ. ಕಾಣದ 46 ಎಲೆಗಳಲ್ಲಿ ಒಂಬತ್ತು ಆಟೀನುಗಳಿವೆ, ಅಂದರೆ ಐದು ಆಟೀನು ಸೇರಿ ಬಣ್ಣ ಕೂಡುವ ಸಾಧ್ಯತೆ ಶೇಕಡಾ 20ಕ್ಕೆ ತುಸು ಕಡಿಮೆ. ಕೂಡುಪಣ ನೂರಿದ್ದಾಗ, ಗೊತ್ತುಪಡಿಸಿದ ಪಣದ ಆಟದಲ್ಲಿ ಎದುರಾಳಿ ಇಪ್ಪತ್ತನ್ನಷ್ಟೇ ಒಡ್ಡಬಲ್ಲ. ಇಪ್ಪತ್ತು ಕೊಟ್ಟು 120ಕ್ಕೆ ಕಾಯುವವನಿಗೆ ಏಳರಲ್ಲಿ ಒಂದು ಸಲ ಗೆದ್ದರೂ ಅಸಲು ಹುಟ್ಟುತ್ತದೆ, ಆದ್ದರಿಂದ ಸರಿಗಟ್ಟುವುದೇ ಲೇಸು. ಇದ್ದಷ್ಟೂ ಪಣದ ಆಟದಲ್ಲಿ ಅದೇ ಎದುರಾಳಿ ನೂರು ಒಡ್ಡಿದರೆ ಮೂರರಲ್ಲಿ ಒಂದು ಸಲ ಗೆಲ್ಲಬೇಕಾಗುತ್ತದೆ. ಕೊನೆಯ ಸುತ್ತಿನಲ್ಲಿ ಅವನಿಂದ ಇನ್ನಷ್ಟು ಹಣ ಬರುವ ಭರವಸೆ ಇಲ್ಲದಿದ್ದರೆ ಎಲೆ ಮಡಿಸುವುದೇ ಸರಿ. ಮೊದಲ ಆಟದಲ್ಲಿ ತಾಳ್ಮೆ ಎನಿಸಿಕೊಳ್ಳುವುದು ಎರಡನೆಯದರಲ್ಲಿ ಕೈಯಾರೆ ಕಳೆದುಕೊಳ್ಳುವುದಾಗುತ್ತದೆ. ಹೊಸಬರು ನಷ್ಟ ಅನುಭವಿಸುವುದು ಹೆಚ್ಚಾಗಿ ಇಂಥ ಜಾಗದಲ್ಲೇ ಎಂದು ನನ್ನ ತಿಳಿವು.

‘ಬ್ಲೈಂಡ್’ ಎಂಬ ಪದವನ್ನು ಹಾಗೆಯೇ ಇಟ್ಟುಕೊಳ್ಳಲು ನನಗೆ ಹಿಂಜರಿಕೆಯಿದೆ. ತೀನ್ ಪತ್ತಿಯಲ್ಲಿ ಬ್ಲೈಂಡ್ ಆಡುವುದೆಂದರೆ ಎಲೆ ನೋಡದೆ ಆಡುವುದು. ಅದು ಆಟಗಾರನ ಆಯ್ಕೆ, ನೋಡಿದವನು ಅವನ ಎರಡರಷ್ಟಾದರೂ ಹಾಕಬೇಕೆಂಬ ಲಾಭವೂ ಅದರಲ್ಲಿದೆ. ಪೋಕರ್‌ನ ಬ್ಲೈಂಡ್ ಸರದಿಯ ಪ್ರಕಾರ ಇಬ್ಬರು ಎಲೆ ಹಂಚುವ ಮೊದಲೇ ಇಡಲೇಬೇಕಾದ ಹಣ, ಆ ಬಳಿಕ ಅವರು ತಮ್ಮ ಎಲೆಗಳನ್ನು ಧಾರಾಳವಾಗಿ ನೋಡಬಹುದು. ಹೀಗಾಗಿ ‘ಮುಂಗಡ ಪಣ’ ಎಂದು ಬರೆದು, ಇಬ್ಬರ ಪಾಲುಗಳನ್ನು ಕಿರಿಯ ಮುಂಗಡ, ಹಿರಿಯ ಮುಂಗಡ ಎಂದು ಬೇರ್ಪಡಿಸಿದ್ದೇನೆ. ಎಲ್ಲರೂ ಸಮನಾಗಿ ಹಾಕುವ ‘ಆಂಟಿ’ಗೆ ತೀನ್ ಪತ್ತಿಯ ‘ಬೂಟ್’ ಎಂಬ ಪದವೇ ಸಲ್ಲುತ್ತದೆ. ಆಟ ಬಿಡುವುದಕ್ಕೆ ‘ಪ್ಯಾಕ್’ ಎಂಬುದೂ ಎಲ್ಲರ ಬಾಯಲ್ಲಿದೆ.

ಉತ್ತರ ಸಿಗದೆ ಉಳಿದಿರುವುದು ‘ಸೈಡ್ ಪಾಟ್’. ಮೂವರಲ್ಲಿ ಒಬ್ಬನ ಬಳಿ ನೂರು, ಉಳಿದಿಬ್ಬರ ಬಳಿ ಮುನ್ನೂರು ಮುನ್ನೂರು ಇದ್ದು ಎಲ್ಲರೂ ಪೂರ್ತಿ ಒಡ್ಡಿದರೆ, ಮೂವರಿಗೂ ಹಕ್ಕಿರುವ ಮುನ್ನೂರು ಒಂದು ಕಡೆಗೂ ಆ ಇಬ್ಬರಿಗೆ ಮಾತ್ರ ಸೇರಬಹುದಾದ ನಾನ್ನೂರು ಇನ್ನೊಂದು ಕಡೆಗೂ ಬೇರೆಯಾಗುತ್ತವೆ. ಈ ಎರಡನೆಯದನ್ನು ‘ಪಕ್ಕದ ಪಣ’ ಎಂದರೆ ಅದು ಆಟಕ್ಕೆ ಹೊರತಾಗಿ ನೋಡುಗರು ಕಟ್ಟಿದ ಬಾಜಿಯೆಂದು ಅರ್ಥವಾಗುವ ಅಪಾಯವಿದೆ. ಸದ್ಯಕ್ಕೆ ‘ಮಿಗುಪಣ’ ಎಂದು ಗುರುತುಹಾಕಿಕೊಂಡಿದ್ದೇನೆ. ಇದಕ್ಕಿಂತ ಬಳಕೆಗೆ ಹತ್ತಿರವಾದ ಮಾತು ಶಿರಸಿ, ಕುಮಟಾ, ಅಂಕೋಲಾ ಕಡೆಯ ಇಸ್ಪೀಟು ಆಟಗಾರರಲ್ಲಿ ಇದ್ದರೆ ದಯವಿಟ್ಟು ತಿಳಿಸಬೇಕು.